ಮರ ತಿನ್ನುವ ಪ್ಲೆಕೊ: ಯಾವ ಮೀನು, ಯಾವ ಮರ, ಯಾರ ಜೊತೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬೇರೆ ಮೀನುಗಳಿರುವ ಮನೆಯ ಅಕ್ವೇರಿಯಂಗೆ ಮರ ತಿನ್ನುವ ಪ್ಲೆಕೊ (ಬಾಯಿಂದ ಅಂಟಿಕೊಳ್ಳುವ ಕ್ಯಾಟ್‌ಫಿಶ್) ಬೇಕೆಂದರೆ ಕ್ಲೌನ್ ಪ್ಲೆಕೊ ತನ್ನಿ. ರಾಯಲ್ ಪ್ಲೆಕೊ ನೋಡಲು ಅದಕ್ಕಿಂತ ಭವ್ಯ. ಆದರೆ ಆರಡಿ ಟ್ಯಾಂಕ್ ಇಡುವಷ್ಟು ಜಾಗ, ವಾರವಾರ ಅದರ ಅರ್ಧ ನೀರು ಬದಲಿಸುವಷ್ಟು ತಾಳ್ಮೆ ಎರಡೂ ಇದ್ದವರು ಮಾತ್ರ ಅದಕ್ಕೆ ಕೈ ಹಾಕಬೇಕು. ಯಾವುದನ್ನೇ ತಂದರೂ ಒಂದು ಮಾತು: ಟ್ಯಾಂಕಿನಲ್ಲಿ ಮರ ಇರಲೇಬೇಕು, ಆದರೆ ಮರವೊಂದನ್ನೇ ನಂಬಿದರೆ ಮೀನು ಉಳಿಯುವುದಿಲ್ಲ. ಈ ಮೀನುಗಳು ಮನೆಗಳಲ್ಲಿ ಎಷ್ಟೋ ಸಲ ಸಾಯುವುದು ಹಸಿವಿನಿಂದ, ಅದೂ ಪಕ್ಕದಲ್ಲೇ ದೊಡ್ಡ ಕೊರಡು ಬಿದ್ದಿರುವಾಗ.

ಅಂಕ ಕೇಳುವವರಿಗೆ: ಕ್ಲೌನ್ ಪ್ಲೆಕೊಗೆ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಕಡಿಮೆಯಾದದ್ದು ಅದು ಹಗಲು ಮುಖ ತೋರಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ. ರಾಯಲ್‌ಗೆ ಮೀನಾಗಿ ಐದಕ್ಕೆ ಐದು, ಸಾಮಾನ್ಯ ಮನೆಯ ಟ್ಯಾಂಕಿನ ಮೀನಾಗಿ ಎರಡು.

ಹಲ್ಲು ನೋಡಿ ಕೊಳ್ಳಿ

ಕ್ಲೌನ್ ಪ್ಲೆಕೊ ಎಂದರೆ ಪನಾಕೊಲಸ್ ಮ್ಯಾಕಸ್. ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೊಕೊ ನದಿಯ ಉಪನದಿಗಳಲ್ಲಿ, ನೀರಿನಲ್ಲಿ ಬಿದ್ದ ಮರಗಳ ಸಂದುಗಳಲ್ಲಿ ಬದುಕುತ್ತದೆ. 1993ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಪನಾಕೆ ಕುಲಕ್ಕೇ ಸೇರಿಸಿದ್ದರು. ಪನಾಕೊಲಸ್ ಎಂಬ ಬೇರೆ ಕುಲ ಬಂದದ್ದು 2001ರಲ್ಲಿ. ಕಪ್ಪು ಕಂದು ಮೈಮೇಲೆ ತಿಳಿ ಹಳದಿಯ ಅಡ್ಡಪಟ್ಟೆ, ಉದ್ದ 8ರಿಂದ 10 ಸೆಂ.ಮೀ., ಅಷ್ಟೇ. ರಾಯಲ್ ಪ್ಲೆಕೊ ಪನಾಕೆ ನೈಗ್ರೊಲಿನಿಯಾಟಸ್, ಕೆಂಪು ಕಣ್ಣು, ಬೂದು ಮೈಮೇಲೆ ಉದ್ದುದ್ದ ಕಪ್ಪು ಗೆರೆ. ಅಂಗಡಿಯಲ್ಲಿ ಇದು ಬೆರಳುದ್ದ ಇರುತ್ತದೆ. ಪೂರ್ತಿ ಬೆಳೆದರೆ 40 ಸೆಂ.ಮೀ. ದಾಟುತ್ತದೆ. ಬೆಳವಣಿಗೆ ನಿಧಾನವಾದ್ದರಿಂದ ಮೊದಲ ಎರಡು ವರ್ಷ ಏನೂ ತೊಂದರೆ ಕಾಣುವುದಿಲ್ಲ. ಆಮೇಲೆ ಟ್ಯಾಂಕು ಸಾಲದಾಗುತ್ತದೆ, ಅಷ್ಟು ದೊಡ್ಡ ಮೀನನ್ನು ತೆಗೆದುಕೊಳ್ಳುವವರೂ ಸಿಗುವುದಿಲ್ಲ.

ಹೆಸರಿನ ಗೊಂದಲ ಇಲ್ಲಿ ದೊಡ್ಡದು. 1988ರಲ್ಲಿ ಜರ್ಮನಿಯ ‘ಡಾಟ್ಸ್’ ಪತ್ರಿಕೆ, ಇನ್ನೂ ವೈಜ್ಞಾನಿಕ ಹೆಸರಿಲ್ಲದ ಪ್ಲೆಕೊಗಳಿಗೆ ಎಲ್ ಸಂಖ್ಯೆ ಕೊಡಲು ಶುರುಮಾಡಿತು. ಮಾರುವವರು ಆ ಸಂಖ್ಯೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ: ಕ್ಲೌನ್‌ಗೆ ಎಲ್104 ಅಥವಾ ಎಲ್‌ಡಿಎ22 (ಇದು ಇನ್ನೊಂದು ಜರ್ಮನ್ ಪತ್ರಿಕೆ ಕೊಟ್ಟ ಸಂಖ್ಯೆ), ಕೆಂಪು ಕಣ್ಣಿನ ರಾಯಲ್‌ಗೆ ಎಲ್190. ಎಲ್191, ಎಲ್027 ಎಂಬವೂ ರಾಯಲ್ ಹೆಸರಿನಲ್ಲೇ ಮಾರಾಟವಾಗುತ್ತವೆ. ಎಲ್027ಕ್ಕೆ 2010ರಲ್ಲಿ ಪನಾಕೆ ಆರ್ಮ್‌ಬ್ರಸ್ಟರಿ ಎಂಬ ಸ್ವಂತ ಹೆಸರು ಬಂತು. ಸಾಕುವ ಲೆಕ್ಕಕ್ಕೆ ಇವೆಲ್ಲ ಒಂದೇ. ಎಲ್ಲವೂ ಭಾರೀ ಗಾತ್ರಕ್ಕೆ ಬೆಳೆಯುವ ಮೀನುಗಳೇ.

ಇದಕ್ಕಿಂತ ಹೆಚ್ಚು ಜನ ಮೋಸಹೋಗುವುದು ಪೆಕೋಲ್ಟಿಯಾ ಎಂಬ ಇನ್ನೊಂದು ಕುಲದಿಂದ. ಅದಕ್ಕೂ ಅಡ್ಡಪಟ್ಟೆ ಇದೆ, ಅದನ್ನೂ ಕ್ಲೌನ್ ಎಂದು ಕೊಡುವವರಿದ್ದಾರೆ. ಆದರೆ ಅದು ಮರ ತಿನ್ನುವ ಮೀನಲ್ಲ, ಅದಕ್ಕೆ ಬೇಕಾದ ಊಟವೇ ಬೇರೆ. ವ್ಯತ್ಯಾಸ ತಿಳಿಯಲು ಮೀನು ಮುಂದಿನ ಗಾಜಿಗೆ ಬಾಯಿ ಅಂಟಿಸಿಕೊಳ್ಳುವವರೆಗೆ ಕಾಯಿರಿ. ಪೆಕೋಲ್ಟಿಯಾಕ್ಕೆ ತೆಳ್ಳಗಿನ ಹಲ್ಲುಗಳು ಬಾಚಣಿಗೆಯಂತೆ ಸಾಲಾಗಿ, ಒತ್ತೊತ್ತಾಗಿ ಇರುತ್ತವೆ. ಮರ ತಿನ್ನುವವಕ್ಕೆ ಹಲ್ಲು ಕೆಲವೇ, ಒಂದೊಂದೂ ಗಟ್ಟಿ, ತುದಿ ಚಮಚದಂತೆ ಒಳಕ್ಕೆ ತಗ್ಗು. ಎರಡು ದವಡೆ ಒಂದಕ್ಕೊಂದು ಓರೆಯಾಗಿ ಕೂಡುತ್ತವೆ. ಬಡಗಿ ಮರದಲ್ಲಿ ಕಾಲುವೆ ತೆಗೆಯಲು ಬಳಸುವ ಕೊಳವೆ ಉಳಿಯ ಬಾಯಿ ನೆನಪಿಸಿಕೊಳ್ಳಿ, ಇದೂ ಅದೇ. ಮೀನು ತುಟಿಯಿಂದ ಮರಕ್ಕೆ ಅಂಟಿಕೊಂಡು, ಈ ಹಲ್ಲಿನಿಂದ ಸಣ್ಣ ಸಣ್ಣ ಚಕ್ಕೆ ಎಬ್ಬಿಸುತ್ತದೆ. ರಾತ್ರಿ ಕೋಣೆ ನಿಶ್ಶಬ್ದವಾಗಿದ್ದರೆ ದೊಡ್ಡ ಮೀನು ಕೆರೆಯುವ ಸದ್ದು ಟ್ಯಾಂಕಿನ ಹೊರಗೂ ಕೇಳುತ್ತದೆ.

ಅದೇ ಹಲ್ಲು ಅಕ್ರಿಲಿಕ್ ಟ್ಯಾಂಕಿನ ಮೇಲೆ ಬಿದ್ದರೆ ಗೀರು ಬೀಳುತ್ತದೆ, ಅದು ಹೋಗುವುದಿಲ್ಲ. ರಾಯಲ್‌ಗೆ ಗಾಜಿನ ಟ್ಯಾಂಕೇ ಆಗಬೇಕು. ಹೀಟರಿನ ರಬ್ಬರ್ ಬಟ್ಟಲು, ಥರ್ಮಾಮೀಟರ್, ಫಿಲ್ಟರಿನ ಪ್ಲಾಸ್ಟಿಕ್ ಪೈಪ್ ಕೂಡ ಅದರ ಬಾಯಿಗೆ ಸಿಗುತ್ತವೆ. ಆದ್ದರಿಂದ ದೊಡ್ಡ ರಾಯಲ್ ಇರುವ ಕಡೆ ಹೀಟರನ್ನು ಹೊರಗಿನ ಪೈಪಿಗೆ ಕೂಡಿಸುವ ಬಗೆಯದು ತೆಗೆದುಕೊಳ್ಳಿ. ಒಳಗಿಡುವುದೇ ಆದರೆ ರಂಧ್ರಗಳಿರುವ ಗಟ್ಟಿ ಕವಚ ಹಾಕಿ. ಕ್ಲೌನ್‌ನಿಂದ ಈ ಕಾಟ ಇಲ್ಲ.

ಮರ ಅದರ ಹೊಟ್ಟೆಯಲ್ಲಿ ಏನಾಗುತ್ತದೆ

‘ಮರ ತಿನ್ನುವ ಮೀನು’ ಎಂಬ ಹೆಸರೇ ಸಾಕುವವರನ್ನು ದಾರಿ ತಪ್ಪಿಸಿದೆ. ಮರ ಬಾಯಿಗೆ ಹೋಗುವುದು ನಿಜ. ಕಾಡಿನ ಮೀನುಗಳ ಹೊಟ್ಟೆ ಸೀಳಿ ನೋಡಿದವರಿಗೆ ಅಲ್ಲಿ ಕಂಡದ್ದು ಬಹುಪಾಲು ಮರದ ಪುಡಿಯೇ. ಆದರೆ ಗೆದ್ದಲಿನ ಹಾಗೆ ಅದನ್ನು ಅರಗಿಸಿಕೊಳ್ಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2009ರಲ್ಲಿ ಪ್ರಕಟವಾದ ಡೊನೊವನ್ ಜರ್ಮನ್ ಅವರ ಅಧ್ಯಯನದಲ್ಲಿ ಮರದ ಪುಡಿ ಈ ಮೀನುಗಳ ಕರುಳನ್ನು ನಾಲ್ಕು ಗಂಟೆಯೊಳಗೇ ದಾಟಿ ಹೊರಬಿತ್ತು. ನಾರನ್ನು ಒಡೆಯಲು ಬೇಕಾದ ಕಿಣ್ವ ತೀರಾ ಕಡಿಮೆ ಇತ್ತು, ಮರವನ್ನಷ್ಟೇ ಕೊಟ್ಟ ಮೀನುಗಳ ತೂಕ ಇಳಿಯಿತು. ಇನ್ನೊಂದು ಕಡೆ, ರಾಯಲ್ ಪ್ಲೆಕೊದ ಕರುಳಿನಲ್ಲಿ ನಾರು ಒಡೆಯುವ ಬ್ಯಾಕ್ಟೀರಿಯಾ, ನೈಟ್ರೋಜನ್ ಹಿಡಿದಿಡುವ ಬ್ಯಾಕ್ಟೀರಿಯಾ ಸಿಕ್ಕಿವೆ ಎಂದು ತೋರಿಸಿದ ಸಂಶೋಧನೆಗಳೂ ಇವೆ. ಸಾಕುವವರು ಈ ವಾದ ತೀರುವವರೆಗೆ ಕಾಯಬೇಕಾಗಿಲ್ಲ. ಎರಡೂ ಕಡೆಯಿಂದ ಹೊರಡುವ ಪಾಠ ಒಂದೇ: ಮೀನಿಗೆ ಬೇಕಿರುವುದು ಗಟ್ಟಿ ತಿರುಳಲ್ಲ. ಕೊಳೆಯಲು ಶುರುವಾದ ಮರ, ಅದರ ಮೇಲೆ ಮತ್ತು ಒಳಗೆ ಬೆಳೆದ ಬೂಷ್ಟು, ಬ್ಯಾಕ್ಟೀರಿಯಾ, ಮರ ಕೊಳೆಯುವಾಗ ಬಿಡುವ ಸಾರ ಅದಕ್ಕೆ ಬೇಕು. ಹೊಸದಾಗಿ ತೊಳೆದು ಹೊಳಪು ಕೊಟ್ಟ ಗಟ್ಟಿ ಕೊರಡಿನಲ್ಲಿ ಇದಾವುದೂ ಇರುವುದಿಲ್ಲ.

ಹಾಗಾಗಿ ಪ್ರತಿ ರಾತ್ರಿ ಊಟ ಕೊಡಬೇಕು. ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ ಕೊಡಿ. ಆಗ ಮೇಲಿನ ಮೀನುಗಳು ಸುಮ್ಮನಾಗಿರುತ್ತವೆ. ಒಂದು ಕ್ಲೌನ್‌ಗೆ ಮುಳುಗುವ ಬಿಲ್ಲೆ ಅರ್ಧ ಸಾಕು, ಅದನ್ನು ಅದರ ಮರದ ಬಾಯಲ್ಲೇ ಬೀಳುವಂತೆ ಹಾಕಿ. ಬಿಲ್ಲೆಯ ಡಬ್ಬಿಯ ಮೇಲೆ ‘ಆಲ್ಗೆ ವೇಫರ್’ ಎಂದಿದ್ದರೆ ಸಾಲದು, ಹಿಂದೆ ಬರೆದ ಪದಾರ್ಥಗಳ ಪಟ್ಟಿ ಓದಿ. ಮೊದಲ ಹೆಸರೇ ಮೀನಿನ ಪುಡಿ ಎಂದಿದ್ದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಉಳಿದ ದಿನ ತರಕಾರಿ. ಸಿಹಿಗೆಣಸು ಎಲ್ಲಕ್ಕಿಂತ ಉತ್ತಮ: ಹಸಿಯಾಗಿಯೇ ಒಂದು ಸೆಂ.ಮೀ. ದಪ್ಪದ ಬಿಲ್ಲೆ ಕೊಯ್ದು ಹಾಕಿದರೆ ತಾನೇ ಮುಳುಗುತ್ತದೆ, 24 ಗಂಟೆ ನೀರು ಕೆಡಿಸುವುದಿಲ್ಲ, ಹಲ್ಲಿಗೂ ಕೆಲಸ ಕೊಡುತ್ತದೆ. ಕ್ಯಾರೆಟ್, ಗಟ್ಟಿ ಕುಂಬಳ ಅದರ ನಂತರ. ಜುಕಿನಿ ತೇಲುತ್ತದೆ, ಸ್ಟೀಲ್ ಫೋರ್ಕ್ ಚುಚ್ಚಿ ಮುಳುಗಿಸಿ, 12 ಗಂಟೆಗೆ ತೆಗೆದುಬಿಡಿ, ಇಲ್ಲದಿದ್ದರೆ ಲೋಳೆಯಾಗುತ್ತದೆ. ಬೀನ್ಸ್ ಎರಡು ನಿಮಿಷ ಬಿಸಿನೀರಲ್ಲಿ ಅದ್ದಿ ಕೊಡಿ. ಸೌತೆಕಾಯಿಯನ್ನು ಮೀನು ಇಷ್ಟಪಟ್ಟು ತಿನ್ನುತ್ತದೆ, ಆದರೆ ಅದು ಬಹುಪಾಲು ನೀರು. ಸೊರಗಿದ ಮೀನನ್ನು ಸೌತೆಕಾಯಿಯಿಂದ ಮೇಲೆತ್ತಲು ಆಗುವುದಿಲ್ಲ.

ಮಾಂಸದ ಆಹಾರ ವಾರಕ್ಕೊಮ್ಮೆ ಚೂರು, ಉದಾಹರಣೆಗೆ ಒಂದೆರಡು ಸೀಗಡಿ ಚೂರು, ಹಾನಿಯಲ್ಲ. ಬೀಫ್ ಹಾರ್ಟ್, ದೊಡ್ಡ ಸಿಕ್ಲಿಡ್‌ಗಳಿಗೆ ಹಾಕುವ ಪೆಲೆಟ್ ಇವನ್ನೇ ದಿನವೂ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಈ ಮೀನಿನ ಕರುಳು ದೇಹಕ್ಕಿಂತ ಎಷ್ಟೋ ಪಟ್ಟು ಉದ್ದವಾದದ್ದು, ನಾರಿನ ಊಟಕ್ಕೆಂದೇ ಇರುವುದು.

ಈ ವರ್ಗಕ್ಕೆಂದೇ ತಯಾರಾದ ಆಹಾರಗಳಲ್ಲಿ ರೆಪಾಶಿ ಕಂಪನಿಯ ‘ಮಾರ್ನಿಂಗ್ ವುಡ್’ ಎಂಬ ಜೆಲ್ ಪುಡಿ ನಮಗೆ ಮೆಚ್ಚುಗೆಯಾಗಿದೆ. ಪುಡಿ ಒಂದು ಪಾಲು, ಕುದಿಯುವ ನೀರು ಎರಡರಿಂದ ಮೂರು ಪಾಲು, ಗಂಟಾಗದಂತೆ ಕಲಸಿ ಆರಲು ಬಿಟ್ಟರೆ ಗಟ್ಟಿ ಜೆಲ್ಲಿಯಾಗುತ್ತದೆ. ನೀರು ನಿಜವಾಗಿ ಕುದಿಯುತ್ತಿರಬೇಕು. ಬರೀ ಬಿಸಿಯಿದ್ದರೆ ಜೆಲ್ಲಿ ಸರಿಯಾಗಿ ಹಿಡಿಯದೆ ಟ್ಯಾಂಕಿನಲ್ಲಿ ಪುಡಿಪುಡಿಯಾಗಿ ಹರಡುತ್ತದೆ. ಇದರ ಒಳ್ಳೆಯ ಉಪಯೋಗವೆಂದರೆ, ಆರುವ ಮೊದಲೇ ಒಣ ಮರದ ತುಂಡಿನ ಮೇಲೆ ಬಳಿದು, ಗಟ್ಟಿಯಾದ ಮೇಲೆ ಆ ತುಂಡನ್ನೇ ಟ್ಯಾಂಕಿಗೆ ಇಳಿಸುವುದು. ಮೀನು ತನ್ನ ಸಹಜ ರೀತಿಯಲ್ಲೇ ಕೆರೆದು ತಿನ್ನುತ್ತದೆ. ಟೆಟ್ರಾಗಳು ಬಿಲ್ಲೆಯನ್ನು ಎಳೆದಾಡಿದಷ್ಟು ಸುಲಭವಾಗಿ ಇದನ್ನು ಎಳೆಯಲಾರವು. ಉಳಿದ ಜೆಲ್ಲಿ ಚೌಕ ಕೊಯ್ದು ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಇದೂ ಪೂರ್ತಿ ಊಟವಲ್ಲ. ವಾರಕ್ಕೆ ಎರಡು ಮೂರು ಸಲ ಸಾಕು.

ಮರಗಳ ಪರೀಕ್ಷೆ

ಮರ ಕೊಳ್ಳುವಾಗ ಉಗುರು ಒತ್ತಿ ನೋಡಿ. ನೆನೆದ ಮರದಲ್ಲಿ ಉಗುರಿನ ಗುರುತು ಮೂಡಿದರೆ ಮೀನು ಅದನ್ನು ತಿನ್ನಬಲ್ಲದು. ಮೂಡದಿದ್ದರೆ ಅದು ಅಡಗುತಾಣ, ಊಟವಲ್ಲ. ಟ್ಯಾಂಕಿಗೆ ಎರಡೂ ಬೇಕು. ನೂರು ಲೀಟರ್ ಟ್ಯಾಂಕಿನಲ್ಲಿ ಒಂದು ಕ್ಲೌನ್‌ಗೆ 25ರಿಂದ 30 ಸೆಂ.ಮೀ. ಉದ್ದದ ಎರಡು ತುಂಡು ಇಡಿ: ಒಂದು ಗಟ್ಟಿ, ಒಂದು ಮೆದು.

ಮೊಪಾನಿ: ದಕ್ಷಿಣ ಆಫ್ರಿಕಾ ಭಾಗದ ಮರ, ಒಂದು ಬದಿ ತಿಳಿ, ಒಂದು ಬದಿ ಕಡುಕಂದು. ಭಾರವಿರುವುದರಿಂದ ಹಾಕಿದ ತಕ್ಷಣ ಮುಳುಗುತ್ತದೆ, ವರ್ಷಗಟ್ಟಲೆ ಬರುತ್ತದೆ. ನೀರಿಗೆ ಬಣ್ಣ ಬಿಡುವುದರಲ್ಲಿ ಇದು ಎಲ್ಲಕ್ಕಿಂತ ಮುಂದು. ಅಡಗಲು ಒಳ್ಳೆಯದು, ತಿನ್ನಲು ತೀರಾ ಗಟ್ಟಿ. ಬರೀ ಮೊಪಾನಿ ಇಟ್ಟು ‘ಮರ ಹಾಕಿದ್ದೇವಲ್ಲ’ ಎಂದುಕೊಳ್ಳುವುದೇ ಸಾಮಾನ್ಯ ತಪ್ಪು.

ಮಲೇಷಿಯನ್ ಡ್ರಿಫ್ಟ್‌ವುಡ್ ಕೂಡ ಮುಳುಗುತ್ತದೆ, ಕಪ್ಪಗಿರುತ್ತದೆ, ಮೊಪಾನಿಗಿಂತ ಮೆದು. ಒಂದೇ ಮರ ಕೊಳ್ಳುವಷ್ಟೇ ಅವಕಾಶವಿದ್ದರೆ ಇದನ್ನೇ ಕೊಳ್ಳಿ. ಕೆಳಗೆ ಗುಹೆಯಂತೆ ತೋಡಿರುವ ತುಂಡು ಹುಡುಕಿ.

ಸ್ಪೈಡರ್‌ವುಡ್ ಎಂದು ಮಾರುವುದು ಅಜೇಲಿಯಾ ಜಾತಿಯ ಗಿಡದ ಬೇರು. ರೆಂಬೆರೆಂಬೆಯಾಗಿ ಚೆಂದ ಕಾಣುತ್ತದೆ, ಮೆದು, ಪ್ಲೆಕೊಗಳಿಗೆ ಪ್ರೀತಿ. ತೊಂದರೆ ಎರಡು: ವಾರಗಟ್ಟಲೆ ತೇಲುತ್ತದೆ, ಮುಳುಗಿದ ಮೊದಲ ಎರಡು ಮೂರು ವಾರ ಬಿಳಿ ಲೋಳೆ ಹತ್ತಿಯ ಹಾಗೆ ಮುತ್ತಿಕೊಳ್ಳುತ್ತದೆ. ಆ ಲೋಳೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ, ಅಪಾಯವಿಲ್ಲ. ಉಜ್ಜಿ ತೊಳೆಯಬೇಡಿ, ನಿಮ್ಮ ಮೀನಿಗೆ ಅದೇ ಊಟ. ದೊಡ್ಡ ರಾಯಲ್ ಇದ್ದರೆ ತೆಳ್ಳಗಿನ ರೆಂಬೆಗಳು ತಿಂಗಳುಗಳಲ್ಲೇ ಮುಗಿದುಹೋಗುತ್ತವೆ.

ಚೊಯ್ಯಾ, ಅಂದರೆ ಕಳ್ಳಿಯ ಒಣ ಕೊಳವೆ, ಸಿಗಡಿ ಮರಿಗಳಿಗೆ ಒಳ್ಳೆಯದು. ಇಲ್ಲಿ ತಿಂಡಿಯ ಲೆಕ್ಕಕ್ಕೆ ಮಾತ್ರ. ಮಾಂಜನೀಟಾ ಗಟ್ಟಿ ಮರ, ನೋಟಕ್ಕೆ ಸೊಗಸು, ಮೀನಿಗೆ ಅಷ್ಟೇನೂ ಪ್ರಯೋಜನವಿಲ್ಲ.

ಹೊರಗಿನಿಂದ ತಂದ ಮರ? ಓಕ್, ಬೀಚ್, ಆಲ್ಡರ್, ಸೇಬಿನ ಮರ ಆಗಬಹುದು, ಮೂರು ಷರತ್ತಿನ ಮೇಲೆ: ಗಿಡದಲ್ಲೇ ಅಥವಾ ನೆಲದಲ್ಲಿ ಪೂರ್ತಿ ಒಣಗಿ ಸತ್ತಿರಬೇಕು, ತೊಗಟೆ ಸುಲಿದಿರಬೇಕು, ಔಷಧ ಸಿಂಪಡಿಸಿದ ತೋಟದ್ದಾಗಿರಬಾರದು. ಹಸಿ ಮರದ ರಸ ನೀರು ಕೆಡಿಸುತ್ತದೆ. ಪೈನ್, ಸೀಡರ್‌ನಂಥ ರಾಳ ಬಿಡುವ ಮರಗಳು ಬೇಡವೇ ಬೇಡ. ಯೂ, ಕಣಗಿಲೆಯಂಥ ವಿಷದ ಗಿಡಗಳ ಹತ್ತಿರವೂ ಹೋಗಬೇಡಿ. ಮರದ ಹೆಸರು ಗೊತ್ತಾಗದಿದ್ದರೆ ಅದನ್ನು ಅಲ್ಲೇ ಬಿಡಿ. ಬೇರೆ ಮೀನುಗಳು ಮರದ ಜೊತೆ ಬರೀ ಇರುತ್ತವೆ, ಈ ಮೀನು ಅದನ್ನು ನುಂಗುತ್ತದೆ.

ಯಾವ ಮರವೇ ಆಗಲಿ, ಪಾತ್ರೆಗೆ ಹಿಡಿಸುವಂತಿದ್ದರೆ ಒಂದು ಗಂಟೆ ಕುದಿಸಿ, ಆ ಕಂದು ನೀರು ಚೆಲ್ಲಿ, ಮತ್ತೆ ಕುದಿಸಿ. ನೀರು ತಿಳಿ ಚಹಾದ ಬಣ್ಣಕ್ಕೆ ಬರುವವರೆಗೆ ಎರಡು ಮೂರು ಸುತ್ತು. ಹೆಚ್ಚು ಕುದಿಸಿದರೆ ಮರ ಮೆದುವಾಗಿ ಬೇಗ ಸವೆಯುತ್ತದೆ ಎಂದು ಎಚ್ಚರಿಸುವವರಿದ್ದಾರೆ. ಈ ಮೀನಿಗೆ ಅದು ಲಾಭವೇ. ಪಾತ್ರೆಗೆ ಹಿಡಿಸದ ಕೊರಡನ್ನು ಬಕೆಟ್ಟಿನಲ್ಲಿ ಎರಡು ವಾರ ನೆನೆಹಾಕಿ, ದಿನ ಬಿಟ್ಟು ದಿನ ನೀರು ಬದಲಿಸಿ. ಸೋಪು, ಬ್ಲೀಚು ಮುಟ್ಟಿಸಬೇಡಿ, ಮರ ಅದನ್ನು ಹೀರಿಕೊಂಡು ಆಮೇಲೆ ಟ್ಯಾಂಕಿನಲ್ಲಿ ಬಿಡುತ್ತದೆ. ನೀರಿಗೆ ಬರುವ ಚಹಾ ಬಣ್ಣ ಟ್ಯಾನಿನ್‌ನದು, ಮೀನಿಗೆ ಹಾನಿಯಿಲ್ಲ. ಬಣ್ಣ ಬೇಡವೆಂದರೆ ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಆದರೆ ಮೃದು ನೀರಿರುವಲ್ಲಿ ಪಿಎಚ್ ಇಳಿಯುತ್ತದೆ, ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಎರಡಕ್ಕಿಂತ ಕೆಳಗಿದ್ದರೆ ವಾರಕ್ಕೊಮ್ಮೆ ಅಳೆಯುತ್ತಿರಿ.

ತೇಲುವ ಮರವನ್ನು ಸ್ಲೇಟ್ ಕಲ್ಲಿಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಬಿಗಿಯಿರಿ. ಮೇಲೆ ಬರೀ ಕಲ್ಲು ಹೇರಿಡುವುದು ಇಲ್ಲಿ ಅಪಾಯ: ಮೀನು ಬುಡವನ್ನೇ ಕೆರೆದು ತೆಳುಮಾಡುತ್ತದೆ, ಒಂದು ದಿನ ಸಮತೋಲ ತಪ್ಪಿ ಕಲ್ಲು ಗಾಜಿನ ಮೇಲೋ ಮೀನಿನ ಮೇಲೋ ಉರುಳುತ್ತದೆ. ಕೊರಡಿಗೂ ಗಾಜಿಗೂ ನಡುವೆ ಇಕ್ಕಟ್ಟಾದ ಸಂದು ಬಿಡಬೇಡಿ. ಪ್ಲೆಕೊ ಮುಂದಕ್ಕೆ ನುಗ್ಗಿ ರೆಕ್ಕೆಯ ಮುಳ್ಳು ಬಿಚ್ಚಿದರೆ ಹಿಂದಕ್ಕೆ ಬರಲಾರದು. ಸಂದು ಇದ್ದರೆ ಮೀನು ತಿರುಗುವಷ್ಟು ಅಗಲವಿರಲಿ, ಇಲ್ಲದಿದ್ದರೆ ಪೂರ್ತಿ ಮುಚ್ಚಿರಲಿ. ಆರೆಂಟು ತಿಂಗಳಿಗೊಮ್ಮೆ ಹಳೆಯ ತುಂಡು ಎತ್ತಿ ಮೂಸಿ ನೋಡಿ: ಕೆರೆಯ ಮಣ್ಣಿನ ವಾಸನೆ ಸರಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದನ್ನು ಎಸೆದು ಹೊಸದಿಡಿ.

ಹೊಟ್ಟು ಮತ್ತು ಫಿಲ್ಟರ್

ತಿಂದದ್ದು ನಾಲ್ಕು ಗಂಟೆಯೊಳಗೆ ಹೊರಬರುತ್ತದೆ ಎಂಬುದರ ಇನ್ನೊಂದು ಅರ್ಥ ಬೆಳಗಾಗುವ ಹೊತ್ತಿಗೆ ಟ್ಯಾಂಕಿನ ತಳದಲ್ಲಿ ಕಾಣುತ್ತದೆ. ಗರಗಸದ ಹೊಟ್ಟಿನಂಥ ಕಂದು ಹಿಕ್ಕೆ ಮರದ ಸುತ್ತ ರಾಶಿ ಬಿದ್ದಿರುತ್ತದೆ. ಒಂದೇ ಕ್ಲೌನ್ ಇಷ್ಟು ಮಾಡುತ್ತದೆಯೇ ಎಂದು ಹೊಸಬರು ಬೆರಗಾಗುತ್ತಾರೆ. ಇದು ಬಹುಪಾಲು ಮರದ ನಾರೇ ಆದ್ದರಿಂದ ನೀರನ್ನು ಒಮ್ಮೆಲೇ ಕೆಡಿಸುವುದಿಲ್ಲ. ಕೆಡುವುದು ಫಿಲ್ಟರಿನ ಓಟ: ಹೊಟ್ಟು ಸ್ಪಂಜಿನ ರಂಧ್ರ ಮುಚ್ಚುತ್ತದೆ, ನೀರಿನ ವೇಗ ಇಳಿಯುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ, ಆಗ ಫಿಲ್ಟರಿನಲ್ಲಿ ನೀರು ಶುಚಿಮಾಡುವ ಬ್ಯಾಕ್ಟೀರಿಯಾಗಳಿಗೂ ಮೀನಿಗೂ ಒಟ್ಟಿಗೇ ಪೆಟ್ಟು. ಹೀಗಾಗಿ ಫಿಲ್ಟರಿನ ಬಾಯಿಗೆ ದೊಡ್ಡ ರಂಧ್ರದ ಸ್ಪಂಜು ತೊಡಿಸಿ, ಅದನ್ನು ವಾರಕ್ಕೊಮ್ಮೆ, ರಾಯಲ್ ಇದ್ದರೆ ಎರಡು ಮೂರು ದಿನಕ್ಕೊಮ್ಮೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಒಳಗಿನ ಮೀಡಿಯಾವನ್ನು, ಅಂದರೆ ಆ ಬ್ಯಾಕ್ಟೀರಿಯಾ ನೆಲೆಸುವ ಪದರವನ್ನು, ಆಗಾಗ ಬಿಚ್ಚುವ ಅಗತ್ಯ ಬರುವುದಿಲ್ಲ.

ಕ್ಲೌನ್ ಇರುವ ಟ್ಯಾಂಕಿಗೆ ಗಂಟೆಗೆ ಟ್ಯಾಂಕಿನ ನೀರಿನ ಐದಾರು ಪಟ್ಟು ಹರಿಸುವ ಫಿಲ್ಟರ್, ವಾರಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಾವಣೆ. ರಾಯಲ್‌ಗೆ ಎಂಟು ಹತ್ತು ಪಟ್ಟು, ವಾರಕ್ಕೆ ಅರ್ಧ ನೀರು. ತಳಕ್ಕೆ ಸಣ್ಣ ಮರಳು ಹಾಕಿ. ಹೊಟ್ಟು ಮೇಲೆಯೇ ನಿಲ್ಲುತ್ತದೆ, ಸೈಫನ್ ಪೈಪನ್ನು ಒಂದು ಬೆರಳು ಎತ್ತರದಲ್ಲಿ ಹಿಡಿದರೆ ಹೊಟ್ಟು ಮಾತ್ರ ಮೇಲೇಳುತ್ತದೆ. ದಪ್ಪ ಜಲ್ಲಿ ಹಾಕಿದರೆ ಅಷ್ಟೂ ಸಂದಿಗೆ ಇಳಿದು ಕೂರುತ್ತದೆ. ಉಷ್ಣಾಂಶ 24ರಿಂದ 28 ಡಿಗ್ರಿ, ಪಿಎಚ್ 6ರಿಂದ 7.5. ಪ್ಲೆಕೊ ಪದೇ ಪದೇ ಮೇಲಕ್ಕೆ ಚಿಮ್ಮಿ ಗಾಳಿ ನುಂಗುತ್ತಿದ್ದರೆ ಅದು ಆಟವಲ್ಲ, ನೀರಿನಲ್ಲಿ ಉಸಿರಿಗೆ ಸಾಲುತ್ತಿಲ್ಲ. ಮೊದಲು ಸ್ಪಂಜು ನೋಡಿ.

ಯಾರ ಜೊತೆ ಇಡಬಹುದು

ಕ್ಲೌನ್ ತಂಟೆ ತಕರಾರಿಲ್ಲದ ಮೀನು. ಅದರಿಂದ ಬೇರೆಯವರಿಗೆ ತೊಂದರೆಯಿಲ್ಲ, ಬೇರೆಯವರಿಂದ ಅದಕ್ಕೆ ಊಟ ತಪ್ಪುತ್ತದೆ. ಜೊತೆಗಾರರನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ‘ಇದು ಕಚ್ಚುತ್ತದೆಯೇ’ ಎಂಬುದಕ್ಕಿಂತ ‘ಇದು ರಾತ್ರಿ ತಳದಲ್ಲಿ ತಿನ್ನುತ್ತದೆಯೇ’ ಎಂಬುದು. ಮೇಲೆ ಮತ್ತು ನಡುವೆ ಈಜುವ ಮೀನುಗಳು ಸರಿಯಾದ ಜೋಡಿ: ಕಾರ್ಡಿನಲ್ ಟೆಟ್ರಾ, ರಮ್ಮಿನೋಸ್ ಟೆಟ್ರಾ, ಪೆನ್ಸಿಲ್ ಫಿಶ್, ಹ್ಯಾಚೆಟ್ ಫಿಶ್, ರಾಸ್ಬೋರಾ. 80 ಸೆಂ.ಮೀ. ಉದ್ದದ 120 ಲೀಟರ್ ಟ್ಯಾಂಕಿನಲ್ಲಿ ಹನ್ನೆರಡು ಟೆಟ್ರಾ, ಆರು ಕೊರಿಡೊರಾಸ್, ಒಂದು ಕ್ಲೌನ್ ನೆಮ್ಮದಿಯಾಗಿರುತ್ತವೆ. ಕೊರಿಡೊರಾಸ್ ತಳದ ಮೀನುಗಳೇ, ಬಿಲ್ಲೆ ಬಿದ್ದಲ್ಲೆಲ್ಲ ಮೂತಿ ತೂರಿಸುತ್ತವೆ. ಅವುಗಳಿಗೆ ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಸಂಜೆಯೇ ಹಾಕಿಬಿಡಿ, ಕ್ಲೌನ್‌ಗೆ ತಡವಾಗಿ, ಗಟ್ಟಿ ಸಿಹಿಗೆಣಸು ಕೊಡಿ. ಕೊರಿಡೊರಾಸ್‌ಗೆ ಅದನ್ನು ಕೆರೆಯುವ ಹಲ್ಲಿಲ್ಲ. ಚೆರ್ರಿ ಸಿಗಡಿ, ಬಸವನಹುಳುಗಳಿಗೂ ಈ ಮೀನಿನಿಂದ ಭಯವಿಲ್ಲ.

ಇನ್ನೊಂದು ಪ್ಲೆಕೊ ಜೊತೆ? ಬ್ರಿಸಲ್‌ನೋಸ್ ಜೊತೆ ಇಡುವವರು ಬಹಳ, ಟ್ಯಾಂಕು 100 ಸೆಂ.ಮೀ. ಇದ್ದು ಗುಹೆಗಳು ಮೀನಿಗಿಂತ ಹೆಚ್ಚಿದ್ದರೆ ನಡೆಯುತ್ತದೆ. ಆದರೆ ಬ್ರಿಸಲ್‌ನೋಸ್ ಚುರುಕು. ತರಕಾರಿಯ ಮೇಲೆ ಮೊದಲು ಕೂರುವುದು ಅದೇ. ಎರಡು ಕಡೆ ಹಾಕಿ. ಎರಡು ಗಂಡು ಕ್ಲೌನ್‌ಗಳು ಒಂದೇ ಗುಹೆಗೆ ನೂಕಾಡುತ್ತವೆ, ಕೆನ್ನೆಯ ಮುಳ್ಳುಗೂದಲು ಬಿಚ್ಚಿ ನಿಲ್ಲುತ್ತವೆ, ರೆಕ್ಕೆ ಹರಿಯುವುದೂ ಉಂಟು. ಮೂರು ನಾಲ್ಕು ಸೆಂ.ಮೀ. ಅಗಲ, ಹತ್ತು ಹನ್ನೆರಡು ಸೆಂ.ಮೀ. ಉದ್ದದ ಮಣ್ಣಿನ ಕೊಳವೆ ಒಂದೊಂದು ಕೊಟ್ಟರೆ ಜಗಳ ತಣ್ಣಗಾಗುತ್ತದೆ. ಹೆಣ್ಣಿದ್ದರೆ ಅದೇ ಕೊಳವೆಯಲ್ಲಿ ಮೊಟ್ಟೆಯಿಟ್ಟು ಗಂಡು ಕಾವಲು ಕೂರುವುದನ್ನೂ ನೋಡಬಹುದು.

ಗೋಲ್ಡ್ ಫಿಶ್ ಜೊತೆ ಬೇಡ, ಅದಕ್ಕೆ ತಣ್ಣೀರು, ಇದಕ್ಕೆ ಬೆಚ್ಚನೆ ನೀರು. ಆಫ್ರಿಕಾದ ಕೆರೆಗಳ ಸಿಕ್ಲಿಡ್‌ಗಳಿಗೆ ಬೇಕಾದ ಗಡಸು ನೀರಿನಲ್ಲಿ ಮರವೂ ಸರಿಹೋಗುವುದಿಲ್ಲ, ಮೀನೂ. ದೊಡ್ಡದಾದಂತೆ ರೇಗುವ ಚೈನೀಸ್ ಆಲ್ಗೆ ಈಟರ್ ಬೇಡ. ಡಿಸ್ಕಸ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ರಾಯಲ್ ಜೊತೆ ಎಂದಿಗೂ ಇಡಬೇಡಿ. ಅಗಲ ಮೈಯ, ರಾತ್ರಿ ಒಂದೇ ಕಡೆ ನಿಲ್ಲುವ ಮೀನಿನ ಮೈಲೋಳೆಯನ್ನು ಹಸಿದ ಪ್ಲೆಕೊ ಕೆರೆಯಲು ಹೋಗುತ್ತದೆ, ಬೆಳಿಗ್ಗೆ ಡಿಸ್ಕಸ್ ಮೈಮೇಲೆ ದುಂಡಗೆ ಬಿಳಿ ಗಾಯ ಕಾಣುತ್ತದೆ. ಹಾಗೆ ಕಂಡರೆ ತಪ್ಪು ಮೀನಿನದಲ್ಲ, ಸಾಕಷ್ಟು ಊಟ ಕೊಡದವರದು.

ರಾಯಲ್‌ಗೆ 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ, 600 ಲೀಟರ್ ಹಿಡಿಸುವ ಟ್ಯಾಂಕು ಬೇಕು. ಜೊತೆಗೆ ಜಿಯೋಫೇಗಸ್, ಸೆವೆರಮ್, ಸಿಲ್ವರ್ ಡಾಲರ್‌ನಂಥ ಶಾಂತ ದೊಡ್ಡ ಮೀನುಗಳು ಸರಿ. ಎರಡು ರಾಯಲ್ ಒಂದೇ ಟ್ಯಾಂಕಿನಲ್ಲಿ ಬೇಡ. ಮರಿಯಿದ್ದಾಗ ಹೊಂದಿಕೊಂಡವು 20 ಸೆಂ.ಮೀ. ದಾಟಿದ ಮೇಲೆ ಒಂದೇ ಕೊರಡಿಗಾಗಿ ಹೊಡೆದಾಡುತ್ತವೆ.

ಗಿಡಗಳ ಬಗ್ಗೆ ಇಷ್ಟೇ: ಮರಕ್ಕೆ ಕಟ್ಟಿದ ಅನೂಬಿಯಾಸ್, ಜಾವಾ ಫರ್ನ್ ಕ್ಲೌನ್ ಇರುವಲ್ಲಿ ಉಳಿಯುತ್ತವೆ, ಆದರೆ ಅದು ಬೇರಿನ ಕೆಳಗೆ ಕೆರೆದರೆ ಗಿಡ ಸಡಿಲವಾಗುತ್ತದೆ. ಗಿಡಕ್ಕೆ ಕಲ್ಲು, ಮೀನಿಗೆ ಮರ ಎಂದು ಹಂಚಿಬಿಡಿ. ಅಮೆಜಾನ್ ಸ್ವೋರ್ಡ್ ಎಲೆ ಜಾಲರಿಯಾಗಿದ್ದರೆ ಮೀನಿಗೆ ಹಸಿವಾಗಿದೆ. ಗಾಜಿನ ಪಾಚಿ ತೆಗೆಯಲು ಈ ಮೀನು ತರುವುದಾದರೆ ತರಬೇಡಿ, ಆ ಕೆಲಸ ಇದರದಲ್ಲ.

ಕೊಳ್ಳುವ ದಿನ, ಮೊದಲ ತಿಂಗಳು

ಗಾಜಿಗೆ ಅಂಟಿದಾಗ ಹಲ್ಲಿನ ಜೊತೆ ಹೊಟ್ಟೆಯನ್ನೂ ನೋಡಿ. ಹೊಟ್ಟೆ ಸಮವಾಗಿಯೋ ಸ್ವಲ್ಪ ದುಂಡಗೋ ಇರಬೇಕು. ಎದೆಯ ಮೂಳೆಗಳ ಹಿಂದೆ ಬಟ್ಟಲಿನಂತೆ ಒಳಸೇರಿದ್ದರೆ ಅದು ದಿನಗಟ್ಟಲೆ ಉಪವಾಸವಿದ್ದ ಮೀನು. ಕಣ್ಣು ಗುಳಿಬಿದ್ದಿದ್ದರೆ ಕರುಳು ಚೇತರಿಸಿಕೊಳ್ಳದ ಹಂತಕ್ಕೆ ಬಂದಿರಬಹುದು, ಕರುಣೆಯಿಂದ ಕೊಳ್ಳಬೇಡಿ. ಹಿಡಿದು ತಂದ ಮೀನುಗಳಲ್ಲಿ ಇದು ಅಪರೂಪವಲ್ಲ. ಬಣ್ಣ ಮಂಕಾಗಿರುವುದು ಮಾತ್ರ ದೋಷವಲ್ಲ. ಬಿಳಿ ತಳ, ಪ್ರಖರ ಬೆಳಕಿನಲ್ಲಿ ಪಟ್ಟೆಗಳು ಮಸುಕಾಗುತ್ತವೆ, ಕಪ್ಪು ಮರದ ಕೆಳಗೆ ಸೇರಿದ ವಾರದಲ್ಲಿ ಮರಳಿ ಬರುತ್ತವೆ.

ಬೇರೆ ಟ್ಯಾಂಕಿನಲ್ಲಿ ನಾಲ್ಕು ವಾರ ಇಟ್ಟು ನಂತರ ಬಿಡುವುದು ಒಳ್ಳೆಯದು. ಅಲ್ಲಿ ಹಳೆಯ ಟ್ಯಾಂಕಿನಿಂದ ತೆಗೆದ, ಲೋಳೆ ಹಿಡಿದ ಮರದ ತುಂಡೊಂದು ಹಾಕಿ, ಹೊಸ ಮರವಲ್ಲ. ಮೊದಲ ಎರಡು ಮೂರು ದಿನ ಊಟ ಮುಟ್ಟದಿದ್ದರೆ ಗಾಬರಿ ಬೇಡ, ಹಿಕ್ಕೆ ನೋಡಿ. ಕಂದು ಹೊಟ್ಟು ಬೀಳುತ್ತಿದ್ದರೆ ಮರ ಮಾತ್ರ ತಿನ್ನುತ್ತಿದೆ; ಕಿತ್ತಳೆ ಬಣ್ಣದ ಎಳೆ ಬಂದರೆ ಸಿಹಿಗೆಣಸು ಹಿಡಿದಿದೆ, ಇನ್ನು ನಿಶ್ಚಿಂತೆ. ತಾಮ್ರ ಬೆರೆತ ಔಷಧಗಳನ್ನು ಈ ಮೀನಿರುವಲ್ಲಿ ಬಳಸಬೇಡಿ, ಸಿಗಡಿ ಮತ್ತು ಬಸವನಹುಳುಗಳಿಗೂ ಅದು ಮಾರಕ.

ಹಿಡಿಯಲು ಬಲೆ ಬೇಡ. ಕೆನ್ನೆಯ ಮುಳ್ಳುಗೂದಲು ಬಲೆಯ ಕಣ್ಣಿಗೆ ಸಿಕ್ಕಿದರೆ ಎಳೆದಷ್ಟೂ ಬಿಗಿಯುತ್ತದೆ, ಬಲೆಯನ್ನೇ ಕತ್ತರಿಸಬೇಕಾಗುತ್ತದೆ. ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ ಮೀನನ್ನು ಅದರೊಳಕ್ಕೆ ಓಡಿಸಿ. ಟ್ಯಾಂಕು ತೊಳೆಯಲೆಂದು ಕೊರಡು ಹೊರತೆಗೆಯುವಾಗ ಅವಸರ ಮಾಡಬೇಡಿ. ಕ್ಲೌನ್ ಮರಕ್ಕೆ ಅಂಟಿಕೊಂಡೇ ನೀರಿನಿಂದ ಹೊರಬರುತ್ತದೆ, ಕಪ್ಪು ತೊಗಟೆಯ ಮೇಲೆ ಕಪ್ಪು ಮೀನು ಕಾಣುವುದೇ ಇಲ್ಲ. ಕೊರಡನ್ನು ನೀರಿನೊಳಗೇ ತಲೆಕೆಳಗು ಮಾಡಿ, ಪ್ರತಿ ತೂತಿಗೂ ಟಾರ್ಚ್ ಬಿಟ್ಟು ನೋಡಿ, ಟ್ಯಾಂಕಿನ ನೀರೇ ತುಂಬಿದ ಬಕೆಟ್ಟಿಗೆ ಇಳಿಸಿ, ಐದು ನಿಮಿಷ ಬಿಟ್ಟು ಬಕೆಟ್ಟಿನ ತಳ ಮತ್ತೊಮ್ಮೆ ನೋಡಿ.